ಸೊನ್ನೆಯೊಳಗೆ ಕಳೆದುಹೋದ ಸಿಂಗಾರೆವ್ವ

ಒಂದು ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕಾಲೇಜಿನ ಲೈಬ್ರರಿಗೆ ಬಂದು ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಬೇಕು ಅಂದರು. ಕೌಂಟರಿನಲ್ಲಿದ್ದವಳು ಹೊಸದಾಗಿ ಸೇರಿದ್ದ ಹುಡುಗಿ. ಕಂಪ್ಯೂಟರಿನಲ್ಲಿ ಹುಡುಕಿ, ‘ಇಲ್ಲ ಸಾರ್, ನಮ್ಮಲ್ಲಿ ಆ ಪುಸ್ತಕ ಇಲ್ಲ’ ಅಂದಳು. ಮೇಷ್ಟ್ರು ಒಪ್ಪಲಿಲ್ಲ. ‘ಹೋದ ವರ್ಷ ಇಲ್ಲಿಂದಲೇ ತಗೊಂಡು ಹೋಗಿ ಓದಿದೀನಮ್ಮ. ಆ ಕಿಟಕಿ ಪಕ್ಕದ ಬೀರು, ಮೇಲಿನಿಂದ ಎರಡನೇ ಸಾಲು’ ಅಂತ ತಾವೇ ಎದ್ದು ಹೋದರು. ಎರಡು ನಿಮಿಷದಲ್ಲಿ ಪುಸ್ತಕ ಹಿಡಿದುಕೊಂಡು ಬಂದರು. ಅದರ ಬೆನ್ನಿಗೆ ಚೀಟಿ ಇತ್ತು, ಒಳಗೆ ಬಾರ್‌ಕೋಡ್ ಇತ್ತು. ಬಾರ್‌ಕೋಡಿಗೆ ಸ್ಕ್ಯಾನರ್ ಹಿಡಿದರೆ ‘ಕೀಂ’ ಅಂದು ಹೆಸರೂ ಬಂತು. ಹೆಸರಿನಿಂದ ಹುಡುಕಿದರೆ ಮಾತ್ರ ಇಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಕೂತು ನೋಡಿದೆ. ಪರದೆಯ ಮೇಲೆ ‘ಸಿ೦ಗಾರೆವ್ವ’ ಅಂತ ಸ್ಪಷ್ಟವಾಗಿ ಕಾಣುತ್ತಿದೆ. ಹುಡುಕುವ ಜಾಗದಲ್ಲಿ ಅದನ್ನೇ ಮತ್ತೆ ಟೈಪ್ ಮಾಡಿದರೆ ಸಿಗುವುದಿಲ್ಲ. ದಾಖಲೆಯಿಂದ ಆ ಪದವನ್ನೇ ನಕಲು ಮಾಡಿ ಅಂಟಿಸಿದರೆ ಸಿಗುತ್ತದೆ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಅನುಸ್ವಾರ ಇರಬೇಕಾದ ಕಡೆ ಕನ್ನಡದ ಅಂಕಿ ಸೊನ್ನೆ ಕೂತಿದೆ! ನಮ್ಮ ಕಣ್ಣಿಗೆ ಎರಡೂ ಒಂದೇ ಉಂಗುರ. ಯೂನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಮನೆ ನಂಬರು. ನುಡಿ ಕೀಲಿಮಣೆಯಲ್ಲಿ ಅನುಸ್ವಾರ ಬೇಕಾದರೆ ಶಿಫ್ಟ್ ಹಿಡಿದು ಎಮ್ ಒತ್ತಬೇಕು. ಅವಸರದ ಬೆರಳಿಗೆ ಮೇಲಿನ ಸಾಲಿನ ಸೊನ್ನೆ ಸಲೀಸು. ಆ ದಾಖಲೆ ಸೇರಿಸಿದ್ದವರು ಯಾರು ಅಂತ ನೋಡಿದೆ. ನಾನೇ.

ಆಮೇಲೆ ಆ ಸೊನ್ನೆಯನ್ನೇ ಹುಡುಕಿದೆ. ಕಂಬಾರರ ಹೆಸರೇ ಎರಡು ಥರ ಇತ್ತು. ಬೆಂಗಳೂರು, ಗಂಗಾ, ಚಂದ್ರ, ಪಂಪ, ಎಲ್ಲರಿಗೂ ಅಲ್ಲಲ್ಲಿ ಸೊನ್ನೆ ಸುತ್ತಿದ್ದೆ. ಗಂಟೆಗೆ ಇಷ್ಟು ಪುಸ್ತಕ ಮುಗಿಸಿದೆ ಅಂತ ಬೀಗುತ್ತಿದ್ದ ದಿನಗಳ ಕೆಲಸ ಅದು. ಎಂಟ್ರಿ ಮಾಡಿದ ಲೆಕ್ಕ ಸರಿಯಾಗಿತ್ತು, ಪುಸ್ತಕ ಮಾತ್ರ ಓದುವವರ ಕೈಗೆ ಸಿಗುತ್ತಿರಲಿಲ್ಲ. ಆವತ್ತಿನಿಂದ ನನಗೊಂದು ಅಭ್ಯಾಸ ಬಂತು. ದಾಖಲೆ ಉಳಿಸಿದ ಮೇಲೆ ಎದ್ದು ಹೋಗುವುದಿಲ್ಲ. ಹೊರಗಿನವರು ಹುಡುಕುವ ಪುಟ ತೆರೆದು, ಆ ಪುಸ್ತಕ ಕೇಳಿಕೊಂಡು ಬರುವವರ ಹಾಗೆ ಒಂದು ಸಲ ಹುಡುಕುತ್ತೇನೆ. ಸಿಕ್ಕಿದರೆ ಕೆಲಸ ಮುಗಿಯಿತು, ಇಲ್ಲದಿದ್ದರೆ ಇಲ್ಲ.

ಇದನ್ನು ಹೊಸಬರಿಗೆ ಹೇಳುವಾಗ ಎಸ್.ಆರ್. ರಂಗನಾಥನ್ ನೆನಪಾಗುತ್ತಾರೆ. ಮದರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ತಂದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ, ತರಬೇತಿಯ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ನಾಲ್ಕನೆಯ ಸೂತ್ರ ಓದುಗರ ಸಮಯ ಉಳಿಸುವುದರ ಬಗ್ಗೆ. ನಾವು ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿ, ಕೆಲಸಕ್ಕೆ ಸೇರಿದ ಮೇಲೆ ನಮ್ಮ ಸಮಯ ಉಳಿಸಿಕೊಳ್ಳುವ ಸೂತ್ರ ಅಂದುಕೊಂಡುಬಿಡುತ್ತೇವೆ. ನಾನು ಉಳಿಸಿಕೊಂಡ ಒಂದು ಶಿಫ್ಟ್ ಕೀಲಿಯ ಶ್ರಮಕ್ಕೆ ಆ ನಿವೃತ್ತ ಮೇಷ್ಟ್ರು ಮೊಣಕಾಲು ನೋವಿನಲ್ಲಿ ಬೀರುವಿನವರೆಗೆ ನಡೆದುಹೋಗಬೇಕಾಯಿತು.

ನಮ್ಮಲ್ಲಿರುವುದು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ಇನ್ಫ್ಲಿಬ್‌ನೆಟ್‌ನ ಸೋಲ್ ಬಳಸುವ ಕಾಲೇಜುಗಳಿವೆ, ಎನ್‌ಐಸಿಯ ಇ-ಗ್ರಂಥಾಲಯ ಬಳಸುವ ಕಡೆಗಳಿವೆ. ಗುಂಡಿಗಳ ಜಾಗ ಬೇರೆ, ತಲೆನೋವು ಎಲ್ಲ ಕಡೆ ಒಂದೇ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನ ಹೊರೊಫೆನುವ ಎಂಬಲ್ಲಿನ ಗ್ರಂಥಾಲಯ ಟ್ರಸ್ಟ್‌ನಲ್ಲಿ. ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟಲಾರದು ಎಂಬ ಭಯದಲ್ಲಿ 1999ರಲ್ಲಿ ಬರೆಸಿದರು, 2000ದ ಜನವರಿಯಲ್ಲಿ ಬಳಕೆಗೆ ತಂದರು, ಬೇಕಾದವರು ತಗೊಳ್ಳಿ ಅಂತ ಬಿಟ್ಟುಕೊಟ್ಟರು. ಕೋಹಾ ಅನ್ನುವುದು ಮಾವೊರಿ ಮಾತು. ಉಡುಗೊರೆ ಅಂತ ಅರ್ಥ ಹೇಳುತ್ತಾರೆ, ಆದರೆ ಬರೀ ಉಡುಗೊರೆಯಲ್ಲ, ತಗೊಂಡವರು ಮುಂದೊಮ್ಮೆ ತಿರುಗಿ ಕೊಡಬೇಕಾದದ್ದು. ನಮ್ಮ ಕಡೆ ಮದುವೆ ಮನೆಯಲ್ಲಿ ಹಾಕುವ ಮುಯ್ಯಿ ಇದ್ದ ಹಾಗೆ. ಪುಸ್ತಕಪಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ನಾವು ಏನು ಹಾಕುತ್ತೇವೋ ಅದೇ ವಾಪಸು ಬರುತ್ತದೆ.

ಹೊಸಬರು ಮಾಡುವ ಮೊದಲ ತಪ್ಪು, ಪುಸ್ತಕ ಕೈಗೆ ಬಂದ ಕೂಡಲೇ ‘ಹೊಸ ದಾಖಲೆ’ ಒತ್ತುವುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಾಲ್ಕು ಪ್ರತಿ ಬಂದರೆ ದಾಖಲೆ ಒಂದೇ, ಅದರ ಕೆಳಗೆ ಪ್ರತಿಗಳು ನಾಲ್ಕು. ಒಂದೊಂದು ಪ್ರತಿಗೂ ಅದರದ್ದೇ ಆಕ್ಸೆಷನ್ ನಂಬರ್, ಬಾರ್‌ಕೋಡ್, ಬೆಲೆ, ಬೀರುವಿನ ಜಾಗ. ಇದು ಗೊತ್ತಿಲ್ಲದೆ ನಾಲ್ಕು ದಾಖಲೆ ಮಾಡಿಟ್ಟರೆ, ಹುಡುಗರು ಮೊದಲನೆಯದನ್ನು ನೋಡಿ ‘ಹೊರಗೆ ಹೋಗಿದೆ’ ಅಂತ ಓದಿಕೊಂಡು ಹೊರಟುಹೋಗುತ್ತಾರೆ. ಉಳಿದ ಮೂರು ಬೀರುವಿನಲ್ಲಿ ತಣ್ಣಗೆ ಕೂತಿರುತ್ತವೆ.

ಇನ್ನೂ ಒಂದು ಸೂಕ್ಷ್ಮ ಇದೆ, ಕೈಪಿಡಿ ಓದಿದವರಿಗೂ ತಟ್ಟನೆ ಹೊಳೆಯುವುದಿಲ್ಲ. ದಾಖಲೆ ಉಳಿಸಿದ ತಕ್ಷಣ ಅದು ಹುಡುಕಾಟದಲ್ಲಿ ಬರಬೇಕೆಂದೇನೂ ಇಲ್ಲ. ಒಳಗೆ ಸೂಚಿ ತಯಾರಿಸುವ ಕೆಲಸ ಬೇರೆಯೇ ನಡೆಯುತ್ತಿರುತ್ತದೆ. ಸರ್ವರ್ ಹೇಗೆ ಹೊಂದಿಸಿದ್ದಾರೆ ಅನ್ನುವುದರ ಮೇಲೆ ಕೆಲವು ಸೆಕೆಂಡೂ ಆಗಬಹುದು, ಕೆಲವು ನಿಮಿಷವೂ ಆಗಬಹುದು. ನಮ್ಮ ಹುಡುಗಿ ಉಳಿಸಿ, ಹುಡುಕಿ, ಸಿಗದೆ, ‘ಹೋಗಿಬಿಡ್ತು’ ಅಂತ ಇನ್ನೊಂದು ಸಲ ಟೈಪ್ ಮಾಡುತ್ತಿದ್ದಳು. ಆಮೇಲೆ ಎರಡೂ ಒಟ್ಟಿಗೆ ಪ್ರತ್ಯಕ್ಷ! ನಾನೀಗ ಹೇಳುವುದಿಷ್ಟೆ: ಉಳಿಸಿದ ಮೇಲೆ ಮುಂದಿನ ಪುಸ್ತಕ ಎತ್ತಿಕೊಳ್ಳಮ್ಮ, ಅದು ಮುಗಿದ ಮೇಲೆ ಹಿಂದಿನದನ್ನು ಹುಡುಕು. ಎರಡಾಗಿದ್ದರೆ ಗಾಬರಿಯಲ್ಲಿ ಒಂದನ್ನು ಅಳಿಸಬೇಡ. ಯಾವುದರ ಕೆಳಗೆ ಪ್ರತಿ ಇದೆ, ಯಾವುದು ಯಾರ ಕೈಯಲ್ಲಿ ಎರವಲು ಹೋಗಿದೆ ನೋಡಿಕೊ. ಎರಡನ್ನೂ ಒಂದಾಗಿಸುವ ಸೌಲಭ್ಯ ಅಲ್ಲೇ ಇದೆ, ಅದನ್ನು ಬಳಸು.

ಮುದ್ರಣ, ಆವೃತ್ತಿಗಳ ಗೊಂದಲ ಕನ್ನಡ ಪುಸ್ತಕಗಳಲ್ಲಿ ಹೆಚ್ಚು. ನಮ್ಮ ಪ್ರಕಾಶಕರು ಮೊದಲ ಮುದ್ರಣ, ಎರಡನೆಯ ಮುದ್ರಣ, ಹದಿನೇಳನೆಯ ಮುದ್ರಣ ಅಂತ ಹಾಕುತ್ತಾರೆ. ಒಳಗಿನ ಅಕ್ಷರ ಒಂದೂ ಬದಲಾಗಿರುವುದಿಲ್ಲ. ಅದನ್ನು ಆವೃತ್ತಿಯ ಕಾಲಮಿಗೆ ತುಂಬಿ ಮುದ್ರಣಕ್ಕೊಂದು ದಾಖಲೆ ಮಾಡುತ್ತಾ ಹೋದರೆ, ಒಂದೇ ಕಾದಂಬರಿ ಪಟ್ಟಿಯಲ್ಲಿ ಹದಿನೇಳು ಸಲ ಮೆರವಣಿಗೆ ಹೋಗುತ್ತದೆ. ಲೇಖಕರು ತಿದ್ದಿದ್ದಾರೆಯೆ, ಅಧ್ಯಾಯ ಸೇರಿಸಿದ್ದಾರೆಯೆ, ಪರಿಷ್ಕೃತ ಅಂತ ಬರೆದಿದೆಯೆ, ಹಾಗಿದ್ದರೆ ಹೊಸ ದಾಖಲೆ. ಬರೀ ಮರುಮುದ್ರಣವಾದರೆ ಇದ್ದ ದಾಖಲೆಗೇ ಪ್ರತಿ ಸೇರಿಸಿ, ಯಾವ ಮುದ್ರಣ ಅಂತ ಪ್ರತಿಯ ಟಿಪ್ಪಣಿಯಲ್ಲಿ ಬರೆದರೆ ಸಾಕು. ಪುಟಗಳ ಲೆಕ್ಕ, ಪ್ರಕಾಶಕರು ಬದಲಾಗಿದ್ದರೆ ಅದು ಬೇರೆ ಮಾತು.

ಹೆಸರನ್ನು ಮುಖಪುಟದಿಂದ ತೆಗೆದುಕೊಳ್ಳಬಾರದು, ಶೀರ್ಷಿಕೆ ಪುಟದಿಂದ ತೆಗೆದುಕೊಳ್ಳಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಮುಖಪುಟವೇ ಮೊದಲು ಕಾಣುತ್ತದಲ್ಲ. ಆ ಪುಟ ತಿರುಗಿಸಿದರೆ ಹಿಂಬದಿಯಲ್ಲಿ ನಮ್ಮ ಪುಸ್ತಕಗಳಲ್ಲಿ ಬರುವ ಒಂದು ಇಂಗ್ಲಿಷ್ ಸಾಲು ಸಿಗುತ್ತದೆ: ಇಂಥ ಹೆಸರಿನ ಕನ್ನಡ ಕಾದಂಬರಿ, ಬರೆದವರು ಇಂಥವರು, ಪ್ರಕಾಶಕರು ಇಂಥವರು, ಪುಟ ಇಷ್ಟು, ಬೆಲೆ ಇಷ್ಟು. ಅದನ್ನು ಬಿಡಬೇಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು, ಕನ್ನಡ ಕೀಲಿಮಣೆ ಇಲ್ಲದ ಫೋನಿನವರು, ಆ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ಪುಸ್ತಕದ ವಿವರಗಳನ್ನು ಕಂಪ್ಯೂಟರಿಗೆ ತುಂಬುವ ಮಾರ್ಕ್ ಪದ್ಧತಿಯಲ್ಲಿ 245 ಮುಖ್ಯ ಶೀರ್ಷಿಕೆಯ ಜಾಗವಾದರೆ 246 ಇನ್ನೊಂದು ರೂಪದ ಜಾಗ. ಆ ಇಂಗ್ಲಿಷ್ ಹೆಸರನ್ನು ಅಲ್ಲಿ ಕೂರಿಸಿ. ‘ಶ್ರೀ ರಾಮಾಯಣ ದರ್ಶನಂ’ ಇದ್ದರೆ ‘ಶ್ರೀ’ ಇಲ್ಲದ ರೂಪವೂ ಅಲ್ಲಿರಲಿ. ‘ಮಂಕುತಿಮ್ಮನ ಕಗ್ಗ’ವನ್ನು ‘ಮಂಕು’ ಆದ ಮೇಲೆ ಜಾಗ ಬಿಟ್ಟು ಬರೆಯುವವರು ಅರ್ಧ ಜನ. ‘ಪರಿಸರದ ಕತೆ’ಯನ್ನು ಮಹಾಪ್ರಾಣ ಹಾಕಿ ‘ಕಥೆ’ ಅಂತ ಹುಡುಕದವರೇ ಇಲ್ಲ. ‘ಕರ್ವಾಲೊ’ದ ಕೊನೆಯ ಅಕ್ಷರ ಎಳೆಯಬೇಕೋ ಬಿಡಬೇಕೋ ಅನ್ನುವ ಗೊಂದಲ ಯಾರಿಗಿಲ್ಲ? ನಾವು ಶುದ್ಧ ಕಾಗುಣಿತಕ್ಕೆ ಹಟ ಹಿಡಿದು ಕೂತರೆ ಗೆಲ್ಲುವುದು ಕಾಗುಣಿತ, ಸೋಲುವುದು ಓದುವ ಹುಡುಗ. 245ರಲ್ಲಿ ಪುಸ್ತಕದಲ್ಲಿದ್ದಂತೆ, 246ರಲ್ಲಿ ಜನ ಕೇಳುವಂತೆ.

ಅಂದ ಹಾಗೆ, ಈ ಮಾರ್ಕ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಅದನ್ನು ರೂಪಿಸಿದ ಹೆನ್ರಿಯೆಟ್ ಅವ್ರಾಮ್ ಮೂಲತಃ ಕಂಪ್ಯೂಟರ್ ಪ್ರೋಗ್ರಾಮರ್, ಗ್ರಂಥಪಾಲಕಿಯಲ್ಲ. ಅದು ಇಂಗ್ಲಿಷಿನ ಅಗತ್ಯಕ್ಕೆ ಹುಟ್ಟಿದ್ದು ಅನ್ನುವುದು ಒಂದು ಸಣ್ಣ ಜಾಗದಲ್ಲಿ ಕಾಣುತ್ತದೆ. 245ರ ಪಕ್ಕದಲ್ಲಿ ಒಂದು ಅಂಕಿ ತುಂಬಬೇಕು, ಅಕಾರಾದಿ ಜೋಡಿಸುವಾಗ ಶೀರ್ಷಿಕೆಯ ಮೊದಲ ಎಷ್ಟು ಅಕ್ಷರ ಬಿಟ್ಟು ಲೆಕ್ಕ ಹಾಕಬೇಕು ಅಂತ. ಇಂಗ್ಲಿಷಿನ ‘ದಿ’, ‘ಎ’ಗಳಿಗಾಗಿ ಮಾಡಿದ ಏರ್ಪಾಡು. ಕನ್ನಡಕ್ಕೆ ಅದರ ಗೊಡವೆಯೇ ಇಲ್ಲ, ಸೊನ್ನೆ ಹಾಕಿದರಾಯಿತು. ಆದರೆ ಇಂಗ್ಲಿಷ್ ಪುಸ್ತಕದ ದಾಖಲೆಯನ್ನು ನಕಲು ಮಾಡಿಕೊಂಡು ಅದರ ಮೇಲೆ ಕನ್ನಡ ಹೆಸರು ಟೈಪ್ ಮಾಡುವವರು ಅಲ್ಲಿ ‘ದಿ’ಯ ಮೂರು ಅಕ್ಷರ ಮತ್ತು ಅದರ ಮುಂದಿನ ಖಾಲಿ ಜಾಗಕ್ಕಾಗಿ ಇದ್ದ ನಾಲ್ಕನ್ನು ಹಾಗೇ ಬಿಡುತ್ತಾರೆ, ನಮ್ಮ ಪುಸ್ತಕ ನಾಲ್ಕು ಅಕ್ಷರ ಕಳೆದುಕೊಂಡು ಎಲ್ಲೋ ಹೋಗಿ ಕೂರುತ್ತದೆ. ಸೊನ್ನೆ ಬೇಡದ ಕಡೆ ನಾನು ಹಾಕಿದ್ದೆ, ಬೇಕಾದ ಕಡೆ ಇವರು ಹಾಕಲಿಲ್ಲ!

ಇನ್ನು ಲೇಖಕರ ಹೆಸರು. ನಿಜವಾದ ಕಾಡು ಇದು.

ಇಂಗ್ಲಿಷ್ ಪದ್ಧತಿಯಂತೆ ಕೊನೆಯ ಪದವನ್ನು ಮುಂದೆ ತಂದು ಅಲ್ಪವಿರಾಮ ಹಾಕಬೇಕು ಅಂತ ಕಲಿತು ಬಂದಿರುತ್ತೇವೆ. ಬೇಂದ್ರೆ, ದ.ರಾ. ಸರಿಹೋಗುತ್ತದೆ. ಕಾರಂತ, ಶಿವರಾಮ ಸರಿಹೋಗುತ್ತದೆ. ಅದೇ ಗುಂಗಿನಲ್ಲಿ ಮಾಸ್ತಿಯವರನ್ನು ‘ಅಯ್ಯಂಗಾರ್, ವೆಂಕಟೇಶ’ ಅಂತ ಮಾಡಿದರೆ? ಕನ್ನಡ ನಾಡಿನಲ್ಲಿ ಮಾಸ್ತಿಯವರ ಕತೆ ಬೇಕು ಅಂತ ಬಂದು ಅಯ್ಯಂಗಾರ್ ಅಂತ ಹುಡುಕುವವರನ್ನು ನಾನು ನೋಡಿಲ್ಲ. ಕುವೆಂಪು ಅವರನ್ನು ‘ಪುಟ್ಟಪ್ಪ, ಕೆ.ವಿ.’ ಮಾಡಿದರೂ ಅಷ್ಟೆ. ಹೆಚ್ಚಿನ ಪುಸ್ತಕಗಳ ಮೇಲೆ ಯಾವ ಹೆಸರು ಇದೆಯೋ, ಜನರ ಬಾಯಲ್ಲಿ ಯಾವುದು ನಿಂತಿದೆಯೋ ಅದು ಮುಖ್ಯ ಹೆಸರು. ಉಳಿದದ್ದೆಲ್ಲ ಅದರ ಕಡೆಗೆ ಕೈ ತೋರಿಸುವ ಹೆಸರುಗಳು. ಇದಕ್ಕೆಂದೇ ತಂತ್ರಾಂಶದಲ್ಲಿ ಅಥಾರಿಟಿ ಅಂತ ಬೇರೆ ಕಡತ ಇದೆ. ಒಂದು ಸಲ ಅಲ್ಲಿ ಕುವೆಂಪು ಅಂತ ಮಾಡಿ, ಕೆಳಗೆ ಕೆ.ವಿ. ಪುಟ್ಟಪ್ಪ, ಇಂಗ್ಲಿಷ್ ಅಕ್ಷರದ ರೂಪ ಎಲ್ಲ ಸೇರಿಸಿಟ್ಟರೆ ಆಮೇಲೆ ಯಾರೂ ಟೈಪ್ ಮಾಡಬೇಕಿಲ್ಲ, ಆರಿಸಿಕೊಂಡರಾಯಿತು. ಟೈಪ್ ಮಾಡದಿದ್ದರೆ ತಪ್ಪೂ ಇಲ್ಲ. ಬೇಂದ್ರೆಯವರ ಕೆಳಗೆ ಅಂಬಿಕಾತನಯದತ್ತ, ಶ್ರೀರಂಗರ ಕೆಳಗೆ ಆದ್ಯ ರಂಗಾಚಾರ್ಯ, ತ್ರಿವೇಣಿಯವರ ಕೆಳಗೆ ಅನಸೂಯಾ ಶಂಕರ್, ಮಾಸ್ತಿಯವರ ಕೆಳಗೆ ಶ್ರೀನಿವಾಸ. ಒಂದು ಶನಿವಾರ ಮಧ್ಯಾಹ್ನ ಕೂತು ಐವತ್ತು ಹೆಸರು ಮಾಡಿಟ್ಟರೆ ನಮ್ಮಂಥ ಲೈಬ್ರರಿಯ ಮುಕ್ಕಾಲು ಕಾದಂಬರಿ, ಕವಿತೆಗಳಿಗೆ ಸಾಕಾಗುತ್ತದೆ.

ಇನಿಷಿಯಲ್ಲುಗಳ ಚುಕ್ಕೆ ಇನ್ನೊಂದು ರಗಳೆ. ಕೆ.ಎಸ್. ನರಸಿಂಹಸ್ವಾಮಿ, ಕೆ. ಎಸ್. ನರಸಿಂಹಸ್ವಾಮಿ, ಕೆ ಎಸ್ ನರಸಿಂಹಸ್ವಾಮಿ. ನಮಗೆ ಮೂವರೂ ಒಬ್ಬರೇ, ಲೇಖಕರ ಪಟ್ಟಿಯಲ್ಲಿ ಮೂರು ಜನ. ಚುಕ್ಕೆ ಬೇಕೋ ಬೇಡವೋ ಅನ್ನುವುದರಲ್ಲಿ ನನಗೆ ಯಾವ ಸಿದ್ಧಾಂತವೂ ಇಲ್ಲ. ಒಂದು ಕಾಗದದ ಮೇಲೆ ಬರೆದು ಮಾನಿಟರಿನ ಪಕ್ಕ ಅಂಟಿಸಿ, ಎಲ್ಲರೂ ಹಾಗೇ ಮಾಡಿ, ಅಷ್ಟೆ. ನಮ್ಮಲ್ಲಿ ಆ ಕಾಗದ ಅಂಟಿಸಿದ ಮೇಲೆ ಜಗಳ ಮುಗಿಯಿತು.

ನನ್ನನ್ನು ಸೋಲಿಸಿದವರು ಬೀಚಿ. ರಾಯಸಂ ಭೀಮಸೇನರಾಯರು ಬೀಚಿ ಎಂಬ ತಮ್ಮ ಕಾವ್ಯನಾಮದ ಮೊದಲಕ್ಷರ ಕನ್ನಡದಲ್ಲಿ, ಉಳಿದರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು, ಪುಸ್ತಕದ ಮೇಲೂ ಹಾಗೇ ಅಚ್ಚಾಗುತ್ತದೆ. ಪುಸ್ತಕದಲ್ಲಿದ್ದಂತೆ ಬರೆಯಬೇಕು ಅನ್ನುವುದು ನಿಯಮ. ಬರೆದೆ. ಯಾರಿಗೂ ಸಿಗಲಿಲ್ಲ. ಹುಡುಕುವಾಗ ಯಾರು ಒಂದಕ್ಷರ ಕನ್ನಡ ಒತ್ತಿ, ಕೀಲಿಮಣೆ ಬದಲಿಸಿ, ಮೂರಕ್ಷರ ಇಂಗ್ಲಿಷ್ ಒತ್ತುತ್ತಾರೆ? ನಗಿಸುತ್ತಾ ಬದುಕಿದವರು ಕ್ಯಾಟಲಾಗಿನಲ್ಲೂ ಒಂದು ಚೇಷ್ಟೆ ಮಾಡಿಟ್ಟು ಹೋದರು ಅನ್ನಿಸಿತು. ಕೊನೆಗೆ ಅಥಾರಿಟಿಯಲ್ಲಿ ಮೂರು ರೂಪ ಕೊಟ್ಟೆ: ಅವರು ಬರೆಯುತ್ತಿದ್ದಂತೆ, ಪೂರ್ತಿ ಕನ್ನಡದಲ್ಲಿ, ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ.

ಸಿದ್ಧ ದಾಖಲೆಯನ್ನು ಹೊರಗಿನಿಂದ ತರಿಸಿಕೊಳ್ಳುವ ದಾರಿ ಇದೆ, ಜ಼ಡ್ 39.50 ಅಂತ. ಇಂಗ್ಲಿಷ್ ಪುಸ್ತಕಗಳಿಗೆ ವರದಾನ. ಕನ್ನಡಕ್ಕೆ ಬಂದರೆ ಒಂದು ತಮಾಷೆ ಇದೆ. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದಿಲ್ಲಿಯಲ್ಲಿ ಕಚೇರಿ ತೆರೆದು, ಪಿಎಲ್-480 ಎಂಬ ಗೋಧಿಯ ಒಪ್ಪಂದದ ರೂಪಾಯಿಗಳಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಳ್ಳಲು ಶುರು ಮಾಡಿತು. ಹಾಗಾಗಿ ನಮ್ಮ ತಾಲ್ಲೂಕಿನಲ್ಲಿ ಸಿಗದ ಎಷ್ಟೋ ಕನ್ನಡ ಪುಸ್ತಕಗಳಿಗೆ ವಾಷಿಂಗ್ಟನ್‌ನಲ್ಲಿ ಒಳ್ಳೆಯ ದಾಖಲೆ ಇದೆ. ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಗೆರೆ, ಕೆಳಗೆ ಚುಕ್ಕೆ ಹಚ್ಚಿಕೊಂಡ ವೇಷದಲ್ಲಿ. ತರಿಸಿಕೊಂಡು ಹಾಗೇ ಉಳಿಸಿದರೆ ಕನ್ನಡದಲ್ಲಿ ಹುಡುಕುವವರ ಪಾಲಿಗೆ ಆ ಪುಸ್ತಕ ಇಲ್ಲ. ತರಿಸಿಕೊಳ್ಳಿ, ಪುಟಗಳು, ವಿಷಯ, ವರ್ಷ ಇಟ್ಟುಕೊಳ್ಳಿ, ಶೀರ್ಷಿಕೆ ಮತ್ತು ಲೇಖಕರನ್ನು ಕನ್ನಡದಲ್ಲಿ ಬರೆಯಿರಿ. ಭಾಷೆಯ ಸಂಕೇತದ ಜಾಗದಲ್ಲಿ ಕನ್ನಡದ್ದು ಇದೆಯೇ ಅಂತಲೂ ನೋಡಿ. ಇಲ್ಲದಿದ್ದರೆ ‘ಕನ್ನಡ ಪುಸ್ತಕ ಮಾತ್ರ ತೋರಿಸು’ ಅಂದಾಗ ಕನ್ನಡ ಪುಸ್ತಕವೇ ಹೊರಗುಳಿಯುತ್ತದೆ. ವರ್ಗೀಕರಣದ ಡ್ಯೂಯಿ ಅಂಕಿ ಹೆಚ್ಚಾಗಿ ಸರಿಯಿರುತ್ತದೆ, ಕನ್ನಡ ಸಾಹಿತ್ಯಕ್ಕೆ 894.814. ಆದರೂ ಒಂದು ಕಣ್ಣು ಇಟ್ಟಿರಿ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಹೆಸರಿನ ದೆಸೆಯಿಂದ ನಮ್ಮಲ್ಲಿ ಒಂದು ಇಡೀ ವರ್ಷ ಧರ್ಮಶಾಸ್ತ್ರದ ಸಾಲಿನಲ್ಲಿ, ಉಪನಯನ, ವಿವಾಹ ವಿಧಿಗಳ ಪಕ್ಕದಲ್ಲಿ ಕೂತಿತ್ತು. ಅದರ ನಾಯಕ ಪ್ರಾಣೇಶಾಚಾರ್ಯರಿಗೆ ಅದು ಬೇಜಾರೇನೂ ಆಗಿರಲಿಕ್ಕಿಲ್ಲ.

ಎಕ್ಸೆಲ್‌ನಿಂದ ಒಂದೇ ಸಲ ಸಾವಿರ ಪುಸ್ತಕ ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಬರಲಿ. ಆದರೆ ಎಕ್ಸೆಲ್‌ಗೆ 00457 ಎಂಬ ಆಕ್ಸೆಷನ್ ನಂಬರ್ ಕೊಟ್ಟರೆ ಅದು ಜಾಣತನದಿಂದ 457 ಮಾಡುತ್ತದೆ. 13 ಅಂಕಿಯ ಐಎಸ್‌ಬಿಎನ್ ಕೊಟ್ಟರೆ 9.78 ಆದ ಮೇಲೆ ಏನೋ ಒಂದು ಗಣಿತ ಬರೆದು, ಸಿಎಸ್‌ವಿ ಮಾಡುವಾಗ ನಿಜವಾದ ಅಂಕಿಗಳನ್ನು ನುಂಗಿಯೇ ಬಿಡುತ್ತದೆ. ಸಿಎಸ್‌ವಿಯನ್ನು ಯುಟಿಎಫ್-8 ಅಂತ ಆರಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮೊದಲೇ ಕಾಲಮನ್ನು ಟೆಕ್ಸ್ಟ್ ಅಂತ ಮಾಡಿ, ಹತ್ತು ಪುಸ್ತಕ ಮಾತ್ರ ತುಂಬಿಸಿ ನೋಡಿ, ಆಮೇಲೆ ಉಳಿದದ್ದು. ನಮಗಿಂತ ಮುಂಚೆ ಒಂದು ಕಡೆ ಹೊರಗಿನವರಿಗೆ ಗುತ್ತಿಗೆ ಕೊಟ್ಟು ಹಳೆಯ ನುಡಿ ಫಾಂಟಿನ ಪಟ್ಟಿಯನ್ನು ಹಾಗೇ ತುಂಬಿಸಿದ್ದರು. ಬಿಲ್ಲು ಪಾವತಿಯಾದ ಮೇಲೆ ತೆರೆದು ನೋಡಿದರೆ ಪಂಪ, ರನ್ನ, ಜನ್ನ ಎಲ್ಲರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಅಡ್ಮಿನ್ ಪಾಸ್‌ವರ್ಡ್ ಒಂದನ್ನೇ ಎಲ್ಲರೂ ಬಳಸಬೇಡಿ. ಬ್ಯಾಕಪ್ ದಿನಾ ಆಗಲಿ, ಅದರ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಕಳೆದುಹೋದ ಪುಸ್ತಕದ ದಾಖಲೆಯನ್ನು ಅಳಿಸಬೇಡಿ, ಕಳೆದಿದೆ ಅಂತ ಗುರುತು ಹಾಕಿ. ಸ್ಟಾಕ್ ವೆರಿಫಿಕೇಶನ್ ದಿನ ಉತ್ತರ ಹೇಳಬೇಕಾದವರು ನೀವು. ಇವೆಲ್ಲ ಗೊತ್ತಿರುವ ಮಾತು, ಮುಂದೆ ಹೋಗೋಣ.

ಆರನೇ ಕ್ಲಾಸಿನ ಹುಡುಗನೊಬ್ಬ ಅಕ್ಕನ ಜೊತೆ ಬಂದು, ‘ಅಂಕಲ್, ಹಾರೋ ಓತಿಕ್ಯಾತದ ಪುಸ್ತಕ ಇದೆಯಾ?’ ಅಂತ ಕೇಳಿದ. ತೇಜಸ್ವಿಯವರ ‘ಕರ್ವಾಲೊ’ ಅಂತ ನನಗೆ ಗೊತ್ತಾಯಿತು, ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಅದರಲ್ಲಿ ಇದ್ದದ್ದು ಶೀರ್ಷಿಕೆ, ಲೇಖಕರು, ವಿಷಯದ ಎದುರು ‘ಕನ್ನಡ ಕಾದಂಬರಿ’. ನಮ್ಮ ಲೈಬ್ರರಿಯ ಅಷ್ಟೂ ಕಾದಂಬರಿಗಳ ಎದುರು ಅದೇ ಮಾತು. ಕೌಂಟರಿನ ಹುಡುಗಿಗೆ ಹೇಳಿ ಓತಿ, ಪಶ್ಚಿಮ ಘಟ್ಟ, ವಿಜ್ಞಾನಿ ಅಂತ ವಿಷಯದಲ್ಲಿ ಸೇರಿಸಿದೆ, ಎರಡು ಸಾಲಿನ ಸಾರಾಂಶವನ್ನೂ ಬರೆಸಿದೆ. ‘ಎಲ್ಲಾ ಪುಸ್ತಕಕ್ಕೂ ಹೀಗೆ ಮಾಡಕ್ಕಾಗತ್ತಾ ಸಾರ್?’ ಅಂದಳು. ಆಗುವುದಿಲ್ಲ. ಅದಕ್ಕೆ ಕೌಂಟರಿನ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆವು. ಯಾರಾದರೂ ಏನಾದರೂ ಕೇಳಿ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಅವರು ಹೇಳಿದ ಮಾತಿನಲ್ಲೇ ಬರೆದಿಡುವುದು. ವಾರಕ್ಕೊಮ್ಮೆ ಅಷ್ಟನ್ನು ಮಾತ್ರ ಸರಿಪಡಿಸುವುದು. ‘ಹೆಗ್ಗಡಿತಿ’, ‘ಕಗ್ಗ ಅರ್ಥದ ಸಮೇತ’, ‘ಮೈಸೂರು ರಾಜರ ರೈಲು’, ‘ಬೀಚಿ ಜೋಕು’. ನಾನು ಓದಿದ ಯಾವ ಕ್ಯಾಟಲಾಗಿಂಗ್ ಪಠ್ಯಪುಸ್ತಕಕ್ಕಿಂತಲೂ ಆ ನೋಟ್‌ಬುಕ್ಕೇ ನನಗೆ ಹೆಚ್ಚು ಕಲಿಸಿತು.

ಅದರಲ್ಲೊಂದು ದಿನ ಹುಡುಗಿ ಬರೆದಿದ್ದಳು: ‘ಅವರ ಅಪ್ಪನ ಪುಸ್ತಕಗಳು.’ ಏನಮ್ಮ ಇದು ಅಂದೆ. ‘ಒಬ್ಬರು ಆಂಟಿ ಬಂದಿದ್ರು ಸಾರ್. ಅವರ ತಂದೆ ತೀರಿಕೊಂಡ ಮೇಲೆ ಮನೇಲಿದ್ದ ಪುಸ್ತಕ ಎಲ್ಲ ಇಲ್ಲಿಗೆ ಕೊಟ್ಟಿದ್ರಂತೆ. ಒಂದ್ಸಲ ನೋಡಬೇಕಂತೆ. ಪುಸ್ತಕದ ಹೆಸರು ಒಂದೂ ನೆನಪಿಲ್ಲವಂತೆ.’

ಕೋಹಾದಲ್ಲಿ ಪ್ರತಿಯೊಂದು ಪ್ರತಿಯ ಜೊತೆಗೂ ‘ಎಲ್ಲಿಂದ ಬಂತು’ ಅನ್ನುವ ಜಾಗ ಇದೆ. ಕಡ್ಡಾಯವಲ್ಲ, ಹಾಗಾಗಿ ನಾವು ತುಂಬಿರಲಿಲ್ಲ. ಹಳೆಯ ಆಕ್ಸೆಷನ್ ರಿಜಿಸ್ಟರುಗಳು ಗೋಡೌನಿನಲ್ಲಿ, ಮುರಿದ ಬೆಂಚುಗಳ ಹಿಂದೆ ಇದ್ದವು. ಎರಡು ದಿನ ಹುಡುಕಿ ತೆಗೆಸಿದೆ. 1987ರ ರಿಜಿಸ್ಟರಿನಲ್ಲಿ ನೀಲಿ ಶಾಯಿಯಲ್ಲಿ, ದುಂಡು ಅಕ್ಷರದಲ್ಲಿ, ನನಗಿಂತ ಹಿಂದೆ ಇದ್ದ ಯಾರೋ ಒಬ್ಬರು ಅವರ ತಂದೆಯ ಹೆಸರನ್ನು ಬರೆದು, ಕೆಳಗೆ ನಲವತ್ತೊಂದು ಸಲ ಮೇಲಿನಂತೆಯೇ ಅಂತ ಎರಡು ಗೀಟು ಹಾಕಿಕೊಂಡು ಹೋಗಿದ್ದರು. ನಲವತ್ತೆರಡು ಪುಸ್ತಕ. ನಂಬರು ಹಿಡಿದು ಬೀರುವಿನಲ್ಲಿ ಹುಡುಕಿದರೆ ಇಪ್ಪತ್ತೊಂಬತ್ತು ಸಿಕ್ಕವು.

ಹುಡುಗಿ ಒಂದೊಂದನ್ನೇ ಸ್ಕ್ಯಾನ್ ಮಾಡಿ ಆ ಜಾಗದಲ್ಲಿ ಹೆಸರು ಟೈಪ್ ಮಾಡಿದಳು. ಹೆಸರಿನಲ್ಲಿ ಒಂದು ಅನುಸ್ವಾರ ಇತ್ತು. ಪ್ರತಿ ಸಲವೂ ಶಿಫ್ಟ್ ಒತ್ತುವುದನ್ನು ಹಿಂದೆ ನಿಂತು ನೋಡಿದೆ.

ಆ ಹೆಣ್ಣುಮಗಳು ಮುಂದಿನ ವಾರ ಬಂದರು. ಮೇಜಿನ ಮೇಲೆ ಜೋಡಿಸಿಟ್ಟಿದ್ದ ಪುಸ್ತಕಗಳ ಒಳಪುಟ ತಿರುವುತ್ತಾ ಹೋದರು. ಏಳನೆಯದೋ ಎಂಟನೆಯದೋ ಒಂದು ಪುಸ್ತಕದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ ಬರೆದಿತ್ತು. ಅದರ ಮೇಲೆ ಬೆರಳಿಟ್ಟು, ‘ಇದು ಅಮ್ಮಂದು’ ಅಂದರು.